ಕೆರೆದಂಡೆ, ನದಿದಡ, ಪೇಟೆಚೌಕ: ಮರುವಿನ್ಯಾಸದ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು

ನಗರದೊಳಗಿನ ಕೆರೆಯಂಗಳವನ್ನೋ ನದಿದಡವನ್ನೋ ಜನಬಳಕೆಗೆ ಮರಳಿಸುವ ಯೋಜನೆಗಳು ನಮ್ಮಲ್ಲಿ ಬಹುಮಟ್ಟಿಗೆ ಕೊನೆಗೆ ಆಗಬೇಕಾದ ಕೆಲಸದಿಂದಲೇ ಆರಂಭವಾಗುತ್ತವೆ. ನಡಿಗೆಪಥ, ಅಲಂಕಾರದ ದೀಪಕಂಬ, ಸಂಗೀತ ಕಾರಂಜಿ, ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿದ ಫಲಕ, ಇಷ್ಟನ್ನು ಬಣ್ಣದ ಚಿತ್ರದಲ್ಲಿ ತೋರಿಸಿ ಶಂಕುಸ್ಥಾಪನೆ ನಡೆಯುತ್ತದೆ. ನೀರಿಗೆ ಕೊಳಚೆ ಸೇರುವುದು ಮಾತ್ರ ನಿಂತಿರುವುದಿಲ್ಲವಾದ್ದರಿಂದ, ಎರಡನೆಯ ಬೇಸಿಗೆಯ ಹೊತ್ತಿಗೆ ವಾಸನೆ ತಾಳಲಾರದೆ ಜನ ಬರುವುದನ್ನು ಬಿಟ್ಟಿರುತ್ತಾರೆ. ನಗರಸಭೆಯ ಸದಸ್ಯರು, ಎಂಜಿನಿಯರುಗಳು, ವಾರ್ಡ್ ಸಮಿತಿಯವರು ಮತ್ತು ಕೆರೆ ಉಳಿಸಲು ಸಂಘ ಕಟ್ಟಿಕೊಂಡ ನಾಗರಿಕರು ಅನುಸರಿಸಬಹುದಾದ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಮೊದಲು ನೀರು, ಆಮೇಲೆ ಜಮೀನಿನ ದಾಖಲೆ, ಅನಂತರ ಈಗಾಗಲೇ ಅಲ್ಲಿರುವ ಜನ, ಎಲ್ಲಕ್ಕೂ ಕೊನೆಗೆ ಕಲ್ಲು ಮತ್ತು ಸಿಮೆಂಟು.

ನೀರಿನ ದಾರಿ ಹಿಡಿದು ಮೇಲಕ್ಕೆ ನಡೆಯಿರಿ

ಮೊದಲ ಕೆಲಸಕ್ಕೆ ಹಣವಾಗಲಿ ಸಲಹಾಸಂಸ್ಥೆಯಾಗಲಿ ಬೇಕಾಗಿಲ್ಲ. ಕೆರೆಗೆ ಅಥವಾ ನದಿಗೆ ಬಂದು ಸೇರುವ ಪ್ರತಿಯೊಂದು ಕಾಲುವೆಯನ್ನೂ ಮೂಲದವರೆಗೆ ನಡೆದು ನೋಡಬೇಕು, ಮತ್ತು ಈ ನಡಿಗೆಯನ್ನು ಮುಂಗಾರುಪೂರ್ವ ಮಳೆ ಬೀಳುವುದಕ್ಕೆ ಮುಂಚೆ, ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಮಾಡಬೇಕು. ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲದಲ್ಲಿಯೂ ಪೇಟೆಯ ನಡುವಿನ ರಾಜಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಬಹುತೇಕ ಮನೆ, ಹೋಟೆಲು, ವರ್ಕ್‌ಶಾಪುಗಳ ಕೊಳಚೆಯೇ ಆಗಿರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಅಂದರೆ ಸ್ನಾನ ಮತ್ತು ಅಡುಗೆಯ ಹೊತ್ತಿನಲ್ಲಿ ಹೋದರೆ ಯಾವ ಕೊಳವೆಯಿಂದ ಎಷ್ಟು ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪ್ರತಿಯೊಂದು ಕೊಳವೆಯ ಬಾಯಿಗೂ ಸಂಖ್ಯೆ ಕೊಟ್ಟು, ಫೋಟೊ ತೆಗೆದು, ನಕ್ಷೆಯಲ್ಲಿ ಗುರುತಿಸಿ. ಮುಂದೆ ಕೋಟಿಗಟ್ಟಲೆ ಹಣದ ಯೋಜನಾ ವರದಿ ಸಿದ್ಧವಾದಾಗ, ಈ ಕೊಳವೆಗಳಲ್ಲಿ ಎಷ್ಟನ್ನು ಒಳಚರಂಡಿಗೆ ಸೇರಿಸಲಾಗುತ್ತದೆ ಎಂಬ ಒಂದೇ ಪ್ರಶ್ನೆ ಕೇಳಿದರೂ ವರದಿಯ ಗುಣಮಟ್ಟ ಗೊತ್ತಾಗುತ್ತದೆ.

ಜೊತೆಗೆ ನೀರಿನ ಪರೀಕ್ಷೆ ಮಾಡಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು ಮತ್ತು ಬಿಒಡಿ ಎಂದು ಕರೆಯುವ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನ ಕೊಳಕನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. ಮೀನು ಮತ್ತು ವನ್ಯಜೀವಿಗಳಿಗೆ ಆಮ್ಲಜನಕ 4 ಮಿಲಿಗ್ರಾಂ ಇರಬೇಕು. ಊರಿನ ಕೆರೆಯಲ್ಲಿ ಜನ ಸ್ನಾನ ಮಾಡಬೇಕೆಂಬ ಗುರಿಯನ್ನು ಯಾರೂ ಇಟ್ಟುಕೊಳ್ಳಬೇಕಾಗಿಲ್ಲ. ಆದರೆ ದಡದಲ್ಲಿ ಕುಳಿತು ಮಾತನಾಡಬೇಕೆಂದಿದ್ದರೆ ಮೀನು ಬದುಕುವಷ್ಟು ಶುದ್ಧತೆಯಾದರೂ ಬೇಕು.

ಕೊಳಚೆಯನ್ನು ತಡೆಯುವಾಗ ಒಂದು ಅಪಾಯವನ್ನು ಮೊದಲೇ ಅರಿತಿರಬೇಕು. ಊರು ಬೆಳೆದು ಮೇಲಿನ ಕೆರೆಗಳು ಮುಚ್ಚಿಹೋದ ಕಡೆ, ಬೇಸಿಗೆಯಲ್ಲಿ ಕೆರೆಗೆ ಬರುವ ನೀರೆಲ್ಲ ಕೊಳಚೆಯೇ ಆಗಿರುವುದರಿಂದ, ಅದನ್ನು ಪೂರ್ತಿಯಾಗಿ ಬೇರೆಡೆಗೆ ತಿರುಗಿಸಿದರೆ ಕೆರೆ ಒಣಗುತ್ತದೆ. ಶುದ್ಧೀಕರಿಸಿ ಮರಳಿ ಬಿಡುವುದೇ ಇದಕ್ಕೆ ಉತ್ತರ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯವಿದ್ದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆಸಿದ ಜೌಗಿನ ಮೂಲಕ ಹಾದು ಕೆರೆ ಸೇರುವ ವ್ಯವಸ್ಥೆ ಮಾಡಲಾಯಿತು. ಘಟಕದಲ್ಲಿ ಉಳಿದುಹೋದ ಸಾರಜನಕ ಮತ್ತು ರಂಜಕವನ್ನು ಜೊಂಡು ಒಂದಷ್ಟು ಹೀರಿಕೊಳ್ಳುತ್ತದೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಅಲ್ಲಿಯೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೆ ಹಿಂತಿರುಗಿಸುತ್ತದೆ ಎಂಬುದನ್ನು ನಿರ್ವಹಣೆಯ ಪಟ್ಟಿಯಲ್ಲಿ ಬರೆದಿಡಬೇಕು.

ಹೊರಗಿನಿಂದ ನೀರು ತಂದು ತುಂಬಿಸುವ ಮಾರ್ಗವೂ ಇದೆ, ಅದಕ್ಕೆ ಬೆಲೆಯೂ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ಹೊಳೆಯ ಮೇಲಿದ್ದ ಮೇಲ್ಸೇತುವೆ ರಸ್ತೆಯನ್ನು 2003ರಲ್ಲಿ ಕೆಡವಲು ಆರಂಭಿಸಿ, 2005ರ ಅಕ್ಟೋಬರ್‌ನಲ್ಲಿ 5.8 ಕಿ.ಮೀ. ಉದ್ದದ ತೆರೆದ ಹೊಳೆಯನ್ನು ಜನರಿಗೆ ಬಿಟ್ಟುಕೊಡಲಾಯಿತು. ಜಗತ್ತಿನ ನಗರಯೋಜಕರೆಲ್ಲ ಉದಾಹರಿಸುವ ಈ ಹೊಳೆಯಲ್ಲಿ ಹರಿಯುವ ದಿನಕ್ಕೆ ಸುಮಾರು 12 ಕೋಟಿ ಲೀಟರ್ ನೀರಿನ ಬಹುಭಾಗವನ್ನು ಹಾನ್ ನದಿಯಿಂದ ಪಂಪ್ ಮಾಡಲಾಗುತ್ತದೆ. ಉಳಿದದ್ದು ಮೆಟ್ರೊ ಸುರಂಗಗಳಲ್ಲಿ ಜಿನುಗುವ ಅಂತರ್ಜಲ. ಅಹಮದಾಬಾದಿನ ಸಾಬರಮತಿ ದಡದ ಮುಂದೆ ವರ್ಷವಿಡೀ ಕಾಣುವ ನೀರು ನರ್ಮದಾ ಕಾಲುವೆಯದು, ವಾಸಣಾ ಬ್ಯಾರೇಜು ಅದನ್ನು ಹಿಡಿದು ನಿಲ್ಲಿಸುತ್ತದೆ. ಬ್ಯಾರೇಜಿನ ಕೆಳಗಿನ ನದಿ ತೀವ್ರವಾಗಿ ಮಲಿನಗೊಂಡಿದೆ. ಹೀಗೆ ನೀರು ತರುವ ಯೋಜನೆಯಾದರೆ ಪಂಪಿನ ವಿದ್ಯುತ್ ಬಿಲ್ಲನ್ನು ಮುಂದಿನ ಇಪ್ಪತ್ತು ವರ್ಷಗಳಿಗೆ ಲೆಕ್ಕ ಹಾಕಿ ವರದಿಯ ಮೊದಲ ಪುಟದಲ್ಲಿಯೇ ಹಾಕಿಸಿ.

ಸರ್ವೆ, ಮೀಸಲು ಪಟ್ಟಿ, ನೆರೆಯ ಗುರುತು

ನೀರಿನ ನಕ್ಷೆಯ ಜೊತೆಗೇ ಕಂದಾಯ ಇಲಾಖೆಯ ಸರ್ವೆಗೆ ಅರ್ಜಿ ಕೊಡಬೇಕು. ಹಳೆಯ ಗ್ರಾಮನಕ್ಷೆ, ಕೆರೆಯ ಸರ್ವೆ ನಂಬರು, ಖರಾಬು ಜಮೀನಿನ ವಿವರ, ಕಾಲುವೆಗಳ ಜಾಡು, ಕೆರೆ ಕೋಡಿ ಬೀಳುವಾಗ ನೀರು ನಿಲ್ಲುವ ಗರಿಷ್ಠ ಮಟ್ಟ, ಇವೆಲ್ಲ ಕೈಗೆ ಬರುವವರೆಗೆ ವಾಸ್ತುಶಿಲ್ಪಿಯ ಬಳಿ ಹೋಗುವುದು ವ್ಯರ್ಥ. ಬೆಂಗಳೂರಿನ 2015ರ ಮಹಾಯೋಜನೆ ಕೆರೆಯಂಚಿನಿಂದ 30 ಮೀಟರ್, ಮತ್ತು ರಾಜಕಾಲುವೆಗಳ ದರ್ಜೆಗೆ ತಕ್ಕಂತೆ ಅವುಗಳ ನಡುಗೆರೆಯಿಂದ 50, 25, 15 ಮೀಟರ್ ಜಾಗವನ್ನು ಕಟ್ಟಡ ಬರದಂತೆ ಮೀಸಲಿಟ್ಟಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಮೀಸಲನ್ನು 75 ಮೀಟರಿಗೆ ಏರಿಸಿತು; 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಇಂತಹ ನಿಯಮಗಳು ಊರಿಂದೂರಿಗೆ ಬೇರೆಯಾಗಿರುವುದಲ್ಲದೆ ಬದಲಾಗುತ್ತಲೂ ಇರುತ್ತವೆಯಾದ್ದರಿಂದ, ಸದ್ಯ ಜಾರಿಯಲ್ಲಿರುವ ಅಳತೆಯನ್ನು ಯೋಜನಾ ಪ್ರಾಧಿಕಾರದಿಂದ ಬರವಣಿಗೆಯಲ್ಲಿಯೇ ಪಡೆಯಬೇಕು. ಕರಾವಳಿಯ ಊರುಗಳಲ್ಲಿ, ಉಬ್ಬರದ ನೀರು ಬರುವ ನದೀಮುಖಗಳಲ್ಲಿ, ಕರಾವಳಿ ನಿಯಂತ್ರಣ ವಲಯದ ಅನುಮತಿಯೂ ಬೇಕಾಗುತ್ತದೆ. ಮಂಗಳೂರಿನ ನೇತ್ರಾವತಿ ದಡದ ಯೋಜನೆ ಇದೇ ಪ್ರಶ್ನೆಯ ಮೇಲೆ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು.

ನೆರೆಯ ಮಟ್ಟವನ್ನು ದಾಖಲೆಯಿಂದ ಮಾತ್ರವಲ್ಲದೆ ದಡದ ಮನೆಗಳವರಿಂದಲೂ ತಿಳಿದುಕೊಳ್ಳಬೇಕು. ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆ, ಮೆಟ್ಟಿಲಿನವರೆಗೆ ನೀರು ಬಂದ ವರ್ಷ, ದೇವಸ್ಥಾನದ ಯಾವ ಕಲ್ಲು ಮುಳುಗಿತ್ತು ಎಂಬ ನೆನಪು, ಇವೆಲ್ಲವನ್ನೂ ನಕ್ಷೆಯ ಮೇಲೆ ಏರಿಸಬೇಕು. ಆ ಗೆರೆಯ ಕೆಳಗೆ ಕಟ್ಟಡ, ವಿದ್ಯುತ್ ಪೆಟ್ಟಿಗೆ, ಶೌಚಾಲಯ ಯಾವುದೂ ಬರಕೂಡದು.

ದಂಡೆಯ ಆಕಾರ

ಇಡೀ ಯೋಜನೆಯ ಹಣೆಬರಹ ನಿರ್ಧಾರವಾಗುವುದು ದಂಡೆಯ ಅಡ್ಡಕೊಯ್ತದ ನಕ್ಷೆಯಲ್ಲಿ. ಮೇಲಿನಿಂದ ಕಾಣುವಂತೆ ಬರೆದ ಸುಂದರ ನಕ್ಷೆಯನ್ನು ಬದಿಗಿಟ್ಟು, ದಂಡೆಯನ್ನು ಹತ್ತು ಕಡೆ ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ಚಿತ್ರಗಳನ್ನು ಕೇಳಿ ಪಡೆಯಿರಿ.

ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಮ್ಮಲ್ಲಿ ಹೆಚ್ಚಾಗಿ ನಡೆದಿರುವುದು ಹೀಗೆ: ಅಂಗಳವನ್ನು ಎಲ್ಲೆಡೆ ಒಂದೇ ಆಳಕ್ಕೆ ಅಗೆದು, ಆ ಮಣ್ಣನ್ನು ಸುತ್ತಲೂ ಏರಿಯಂತೆ ಪೇರಿಸಿ, ಅದರ ಮೇಲೆ ನಡಿಗೆಪಥ ಹಾಸುವುದು. ಮೂಲದಲ್ಲಿ ಕೆರೆಗೆ ಏರಿ ಇದ್ದದ್ದು ತಗ್ಗಿನ ಕಡೆ ಮಾತ್ರ. ಮೇಲುಭಾಗ ತೆರೆದಿದ್ದು ಸುತ್ತಲಿನ ಇಳಿಜಾರಿನ ಮಳೆನೀರು ಹರಡಿಕೊಂಡು ಒಳಗೆ ಬರುತ್ತಿತ್ತು. ಸುತ್ತಲೂ ಏರಿ ಕಟ್ಟಿದ ಕೆರೆಗೆ ಕಾಲುವೆಯ ಬಾಯಿ ಬಿಟ್ಟರೆ ನೀರು ಬರಲು ಬೇರೆ ದಾರಿಯಿಲ್ಲ, ಮತ್ತು ಹಿಂದೆ ಒಳಗೆ ಹರಿಯುತ್ತಿದ್ದ ನೀರು ಪಕ್ಕದ ಬಡಾವಣೆಯಲ್ಲಿ ನಿಲ್ಲುತ್ತದೆ. ದಡ ಕಡಿದಾಗಿರುವುದರಿಂದ ಕೊಕ್ಕರೆ, ಕೆಂಬರಲುಗಳಂತಹ ಹಕ್ಕಿಗಳಿಗೆ ಬೇಕಾದ ತೆಳುನೀರಿನ ಅಂಚೂ ಉಳಿಯುವುದಿಲ್ಲ. ಹೂಳೆತ್ತುವಾಗ ಮೇಲುಭಾಗದ ತೆಳುನೀರಿನ ಪ್ರದೇಶವನ್ನು ಹಾಗೆಯೇ ಬಿಟ್ಟು, ಆಳವನ್ನು ಏರಿಯ ಕಡೆಗೆ ಕ್ರಮೇಣ ಹೆಚ್ಚಿಸಬೇಕು. ನಡಿಗೆಪಥ ಕೆರೆಯ ಸುತ್ತ ಪೂರ್ತಿ ಬಳಸಲೇಬೇಕೆಂಬ ಹಟವನ್ನು ನಡಿಗೆಯವರು ಬಿಟ್ಟುಕೊಡುವುದು ಒಳ್ಳೆಯದು; ಒಂದು ಬದಿಯನ್ನು ಹಕ್ಕಿಗಳಿಗೆ ಬಿಟ್ಟರೆ ಯಾರ ಆರೋಗ್ಯಕ್ಕೂ ಕೊರತೆಯಾಗದು.

ಹೊಳೆ ಅಥವಾ ರಾಜಕಾಲುವೆಯಾದರೆ ಕಾಂಕ್ರೀಟ್ ಗೋಡೆ ಕಟ್ಟಿ ಕಿರಿದಾಗಿಸುವ ಆಸೆಯನ್ನು ತಡೆಯಬೇಕು. ಸಾಬರಮತಿಯಲ್ಲಿ ನದಿಯ ಅಗಲವನ್ನು ಸರಿಸುಮಾರು 263 ಮೀಟರಿಗೆ ಏಕರೂಪಗೊಳಿಸಿ, ಎರಡೂ ಕಡೆ ಗೋಡೆ ಕಟ್ಟಿ, ಹೊಸ ಜಮೀನನ್ನು ಪಡೆಯಲಾಯಿತು. ಸಿಂಗಪುರದವರು ಬಿಷಾನ್–ಆಂಗ್ ಮೊ ಕಿಯೊ ಉದ್ಯಾನದಲ್ಲಿ ಮಾಡಿದ್ದು ಇದಕ್ಕೆ ತೀರ ವಿರುದ್ಧ. ನೇರವಾಗಿದ್ದ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿ.ಮೀ. ಉದ್ದದ ಅಂಕುಡೊಂಕಾದ ಹೊಳೆಯಾಗಿ 2012ರಲ್ಲಿ ರೂಪಿಸಿದರು. 17ರಿಂದ 24 ಮೀಟರ್ ಅಗಲವಿದ್ದ ಕಾಲುವೆಯ ಬದಲು ಈಗ ಜೋರು ಮಳೆಯಲ್ಲಿ ನೀರು ಹುಲ್ಲುಹಾಸಿನ ಮೇಲೆ ಸುಮಾರು 100 ಮೀಟರಿನವರೆಗೂ ಹರಡಿಕೊಳ್ಳಬಹುದು, ಮಳೆ ನಿಂತ ಮೇಲೆ ಅದೇ ಹುಲ್ಲುಹಾಸು ಮತ್ತೆ ಮಕ್ಕಳ ಆಟದ ಬಯಲಾಗುತ್ತದೆ. ನೀರೇರುವ ಮುನ್ಸೂಚನೆ ಕೊಡಲು ದೀಪ ಮತ್ತು ಸೈರನ್ನುಗಳ ವ್ಯವಸ್ಥೆಯಿದೆ. ಮಣ್ಣನ್ನು ಗಿಡದ ಬೇರುಗಳಿಂದ ಹಿಡಿದಿಡುವ ಹಲವು ವಿಧಾನಗಳನ್ನು ಅಲ್ಲಿಯ ಒಂದು ಪಕ್ಕದ ಕಾಲುವೆಯಲ್ಲಿ ಮೊದಲು ಪರೀಕ್ಷಿಸಿ ನೋಡಿ, ನಿಂತವನ್ನು ಮಾತ್ರ ಮುಖ್ಯ ಹೊಳೆಗೆ ಬಳಸಿದರು ಎಂಬುದು ನಮ್ಮ ಎಂಜಿನಿಯರುಗಳು ಗಮನಿಸಬೇಕಾದ ಸಂಗತಿ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲಗಳ ಮೂಲಕ ಬೆಳ್ಳಂದೂರಿನತ್ತ ಹರಿಯುವ ಕೆ-100 ರಾಜಕಾಲುವೆಯಂತೆ ಇಕ್ಕೆಲಗಳಲ್ಲೂ ಕಟ್ಟಡಗಳು ಒತ್ತಿಕೊಂಡಿರುವ ಕಡೆ ಅಷ್ಟು ಅಗಲ ಸಿಗುವುದಿಲ್ಲ. ಅಂತಹ ಕಡೆ ತಳವನ್ನಾದರೂ ಪೂರ್ತಿ ಕಾಂಕ್ರೀಟಿನಿಂದ ಮುಚ್ಚದೆ ನೀರು ಇಂಗಲು ಬಿಡಬೇಕು.

ಜನ ನೀರಿನ ಬಳಿಗೆ ಇಳಿಯುವ ಜಾಗಕ್ಕೆ ಮಾದರಿಯನ್ನು ದೂರದಿಂದ ತರಬೇಕಾಗಿಲ್ಲ. ನೀರು ಬೇಸಿಗೆಯಲ್ಲಿ ತಳಕ್ಕಿಳಿದರೂ ಮಳೆಗಾಲದಲ್ಲಿ ಅಂಚಿಗೇರಿದರೂ ಕೈಗೆಟುಕುವಂತೆ ಮಾಡುವ ಸೋಪಾನಗಳು ನಮ್ಮ ಕಲ್ಯಾಣಿಗಳಲ್ಲಿ ಶತಮಾನಗಳಿಂದ ಇವೆ. ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್ ಮೀರದಂತೆ, ನಡುನಡುವೆ ಕುಳಿತುಕೊಳ್ಳಲು ಅಗಲದ ಹಂತಗಳು ಬರುವಂತೆ ನೋಡಿಕೊಳ್ಳಿ. ಪಾಚಿಗಟ್ಟಿದರೂ ಜಾರದಂತೆ ಮೇಲ್ಮೈಯನ್ನು ಉಳಿಯಿಂದ ಒರಟುಗೊಳಿಸಿದ ಕಲ್ಲೇ ಬೇಕು. ನಯಗೊಳಿಸಿದ ಗ್ರಾನೈಟು ಬೇಡವೇ ಬೇಡ. ದೀಪಗಳು ತಗ್ಗಿನಲ್ಲಿದ್ದು ದಾರಿಯ ಮೇಲೆ ಮಾತ್ರ ಬೆಳಕು ಬೀಳಬೇಕು, ನೀರಿನ ಮೇಲಲ್ಲ.

ಈಗ ಅಲ್ಲಿ ಯಾರಿದ್ದಾರೆ

ಯಾವ ಕೆರೆಯಂಗಳವೂ ಖಾಲಿಯಲ್ಲ. ಬಟ್ಟೆ ಒಗೆಯುವ ಮಡಿವಾಳರು, ಬಲೆ ಬೀಸುವವರು, ದನಕ್ಕೆ ಹುಲ್ಲು ಕೊಯ್ಯುವವರು, ಸಂಜೆ ತಳ್ಳುಗಾಡಿ ನಿಲ್ಲಿಸುವವರು, ವಾರದ ಸಂತೆಯವರು, ದಡದ ಗುಡಿಯ ಪೂಜಾರಿಗಳು, ಗುಡಿಸಲು ಹಾಕಿಕೊಂಡವರು, ಎಲ್ಲರೂ ಯೋಜನೆಯ ಚಿತ್ರದಿಂದ ಮಾಯವಾಗಿ, ಅವರ ಜಾಗದಲ್ಲಿ ಟ್ರ್ಯಾಕ್‌ಸೂಟ್ ತೊಟ್ಟವರು ಓಡುತ್ತಿರುತ್ತಾರೆ. ಇದನ್ನು ತಪ್ಪಿಸಲು ಎಣಿಕೆಯೊಂದೇ ದಾರಿ. ಒಂದು ಕೆಲಸದ ದಿನ, ಒಂದು ಭಾನುವಾರ, ಒಂದು ಸಂತೆಯ ದಿನ ಮತ್ತು ಒಂದು ಹಬ್ಬದ ದಿನ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಎಷ್ಟು ಜನ, ಏನು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳಬೇಕು. ಹೆಂಗಸರು, ಮಕ್ಕಳು, ವಯಸ್ಸಾದವರನ್ನು ಬೇರೆಬೇರೆಯಾಗಿ ಎಣಿಸಬೇಕು. ಹೆಂಗಸರ ಸಂಖ್ಯೆ ಯಾವ ಗಂಟೆಯಲ್ಲಿ ಇಳಿಯುತ್ತದೆ ಎಂಬುದು ಬೆಳಕು, ಶೌಚಾಲಯ, ಬಸ್‌ ನಿಲ್ದಾಣದ ದೂರ ಇವುಗಳ ಕೊರತೆಯನ್ನು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ. ಕಾಮಗಾರಿ ಮುಗಿದ ಮೇಲೆ ಅದೇ ದಿನಗಳಲ್ಲಿ ಮತ್ತೆ ಎಣಿಸಿದರೆ ಯೋಜನೆ ಫಲಿಸಿತೋ ಇಲ್ಲವೋ ಎಂಬುದಕ್ಕೆ ಲೆಕ್ಕವೂ ಸಿಗುತ್ತದೆ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಮತ್ತು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪ್ರತಿಶತ ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾದವರಿರಬೇಕು. ಆ ಸಮಿತಿಯನ್ನು ವಿನ್ಯಾಸದ ಹಂತದಲ್ಲಿಯೇ ಕರೆದು, ಗಾಡಿ ನಿಲ್ಲುವ ಜಾಗ, ನೀರಿನ ನಲ್ಲಿ, ಕಸದ ವ್ಯವಸ್ಥೆ ಇವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು. ಸಾಬರಮತಿಯ ದಡದಿಂದ ಸಾವಿರಾರು ಬಡ ಕುಟುಂಬಗಳು ಸ್ಥಳಾಂತರಗೊಂಡು, ವಿಷಯ ಗುಜರಾತ್ ಹೈಕೋರ್ಟಿಗೆ ಹೋಯಿತು. ಅಲ್ಲಿಯ ಹಳೆಯ ಭಾನುವಾರದ ಸಂತೆಗೆ 2014ರಲ್ಲಿ ಹೊಸ ದಡದ ಮೇಲೆಯೇ ಕಟ್ಟೆಗಳನ್ನು ಕಟ್ಟಿಕೊಡಲಾಯಿತು. ಸೋಲ್‌ನಲ್ಲಿ ಹೊಳೆಯ ಪಕ್ಕದ ವ್ಯಾಪಾರಿಗಳನ್ನು ಮೊದಲು ಒಂದು ಕ್ರೀಡಾಂಗಣಕ್ಕೆ ಸಾಗಿಸಿ, ಆಮೇಲೆ ಅಲ್ಲಿಂದಲೂ ಎಬ್ಬಿಸಲಾಯಿತು.

ಹಬ್ಬಗಳಿಗೂ ಜಾಗ ಬೇಕು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಹೋದರೂ, ಉಳಿದ ಚಿಕ್ಕ ಕೊಳಕ್ಕೆ ಬೆಂಗಳೂರು ಕರಗ ಇಂದಿಗೂ ಬರುತ್ತದೆ. ಅಂತಹ ದಾರಿಯನ್ನು ಮುಚ್ಚುವ ವಿನ್ಯಾಸ ಊರಿಗೆ ಪರಕೀಯವಾಗಿಬಿಡುತ್ತದೆ. ಗಣೇಶ ವಿಸರ್ಜನೆಗೆ ಮುಖ್ಯ ಕೆರೆಯಿಂದ ಬೇರ್ಪಟ್ಟ ಪುಟ್ಟ ಕಲ್ಯಾಣಿಯನ್ನು ಕಟ್ಟಿಸಿ, ಮೆರವಣಿಗೆಯ ವಾಹನ ಅಲ್ಲಿಯವರೆಗೆ ಬಂದು ತಿರುಗಿ ಹೋಗುವಷ್ಟು ಜಾಗ ಬಿಡಬೇಕು. ಬೇಲಿ, ಟಿಕೆಟ್ಟು, ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆಯುವ ಗೇಟು, ಇವು ಜಾಗವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಮಧ್ಯಾಹ್ನ ನೆರಳು ಬೇಕಾದ ಕೂಲಿಯವರನ್ನೂ ಶಾಲೆ ಬಿಟ್ಟ ಮಕ್ಕಳನ್ನೂ ಹೊರಗಿಡುತ್ತವೆ.

ಚೌಕವನ್ನು ಮೊದಲು ಬಣ್ಣ ಮತ್ತು ಕುರ್ಚಿಗಳಿಂದ ಮಾಡಿನೋಡಿ

ನೀರಿನ ದಡಕ್ಕೆ ಹೋಲಿಸಿದರೆ ಪೇಟೆಯ ಚೌಕ ಸುಲಭದ ಕೆಲಸ, ಏಕೆಂದರೆ ಇದನ್ನು ಕಡಿಮೆ ಖರ್ಚಿನಲ್ಲಿ ಮಾಡಿನೋಡಿ, ಸರಿಹೋಗದಿದ್ದರೆ ಹಿಂತೆಗೆಯಬಹುದು. ನ್ಯೂಯಾರ್ಕಿನವರು 2009ರ ಮೇ ತಿಂಗಳಿನಲ್ಲಿ ಟೈಮ್ಸ್ ಸ್ಕ್ವೇರಿನಲ್ಲಿ ಬ್ರಾಡ್‌ವೇ ರಸ್ತೆಯ ಒಂದು ಭಾಗಕ್ಕೆ ವಾಹನ ಬಿಡುವುದನ್ನು ನಿಲ್ಲಿಸಿ, ಡಾಂಬರಿನ ಮೇಲೆ ಅಗ್ಗದ ಮಡಚುವ ಕುರ್ಚಿಗಳನ್ನು ಹಾಕಿದರು. ಅಪಘಾತ, ಸಂಚಾರ, ವ್ಯಾಪಾರಗಳ ಲೆಕ್ಕ ತೆಗೆದುಕೊಂಡು, ಮರುವರ್ಷ ಅದನ್ನು ಶಾಶ್ವತಗೊಳಿಸಿದರು. ಕಲ್ಲುಹಾಸಿನ ಕೆಲಸ ನಡೆದದ್ದು ಅದರ ನಂತರದ ವರ್ಷಗಳಲ್ಲಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಕ್ರಮ ತಿರುವುಮುರುವಾಯಿತು: ಕಲ್ಲುಹಾಸಿನ ಹೊಸ ರಸ್ತೆ 2018ರಲ್ಲಿ ತೆರೆಯಿತು, ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ಜನರಿಗೆ ಬಿಟ್ಟುಕೊಡುವ ಪ್ರಯೋಗ 2020ರ ನವೆಂಬರ್‌ನಲ್ಲಿ ಶುರುವಾಯಿತು. ವಾಹನಗಳ ಓಡಾಟ ಮುಂದುವರಿಯುವ ಕಡೆ ಹಾಸಿದ ಸಣ್ಣ ಕಲ್ಲುಗಳು ಕೀಳುತ್ತವೆ, ಮತ್ತೆಮತ್ತೆ ದುರಸ್ತಿ ಬೇಡುತ್ತವೆ.

ಕುಳಿತುಕೊಳ್ಳುವ ಜಾಗದ ಬಗ್ಗೆ ಒಂದು ಅಳತೆ ಉಪಯುಕ್ತ. ನ್ಯೂಯಾರ್ಕಿನ ಚೌಕಗಳಲ್ಲಿ ಜನರ ವರ್ತನೆಯನ್ನು ಕ್ಯಾಮೆರಾ ಇಟ್ಟು ಗಮನಿಸಿದ ವಿಲಿಯಂ ವೈಟ್ ಅವರ ಅಧ್ಯಯನದ ಫಲವಾಗಿ, ಆ ನಗರದ ನಿಯಮಗಳಲ್ಲಿ ಚೌಕದ ಪ್ರತಿ 30 ಚದರಡಿಗೆ ಒಂದು ಅಡಿ ಉದ್ದದ ಆಸನವಿರಬೇಕೆಂಬ ಷರತ್ತು ಸೇರಿತು. ನೂರು ಚದರ ಮೀಟರಿಗೆ ಹೆಚ್ಚುಕಡಿಮೆ 11 ಮೀಟರ್ ಎಂದಾಯಿತು. ಇಷ್ಟನ್ನೂ ಬೆಂಚುಗಳಿಂದಲೇ ತುಂಬಬೇಕಾಗಿಲ್ಲ. 40–45 ಸೆಂಟಿಮೀಟರ್ ಎತ್ತರದ ಗಿಡದ ಪಾತಿಯ ಅಂಚು, ಮೆಟ್ಟಿಲು, ಮರದ ಕಟ್ಟೆ ಎಲ್ಲವೂ ಆಸನವೇ. ಅಶ್ವತ್ಥಕಟ್ಟೆಯ ಮೇಲೆ ಬೆಳೆದ ನಮಗೆ ಇದನ್ನು ನ್ಯೂಯಾರ್ಕಿನಿಂದ ಕಲಿಯಬೇಕಾದದ್ದು ವಿಚಿತ್ರ, ಆದರೂ ಹೊಸ ಚೌಕಗಳ ಪಾತಿಯಂಚಿಗೆ ಯಾರೂ ಕುಳಿತುಕೊಳ್ಳದಿರಲೆಂದು ಕಬ್ಬಿಣದ ಮುಳ್ಳು ಕೂರಿಸುವವರು ನಮ್ಮಲ್ಲಿಯೂ ಇದ್ದಾರೆ.

ನಮ್ಮ ಹವೆಯಲ್ಲಿ ನೆರಳಿಲ್ಲದ ಚೌಕ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರಿಗೂ ಬೇಡ. ಇರುವ ಮರಗಳನ್ನು ಅಳತೆಯ ನಕ್ಷೆಯಲ್ಲಿ ಮೊದಲು ಗುರುತಿಸಿ, ವಿನ್ಯಾಸವನ್ನು ಅವುಗಳ ಸುತ್ತ ಹೊಂದಿಸಬೇಕು. ಹೊಸದಾಗಿ ಹೊಂಗೆ, ಬೇವು, ಮಳೆ ಕಡಿಮೆಯಿರುವ ಕಡೆ ಹುಣಸೆ ನೆಟ್ಟರೆ ನೆರಳು ಬರಲು ವರ್ಷಗಳು ಬೇಕಾಗುವುದರಿಂದ ಅಲ್ಲಿಯವರೆಗೆ ಚಪ್ಪರ ಹಾಕಬೇಕು. ನಡುಭಾಗವನ್ನು ಖಾಲಿ ಬಿಡಬೇಕು. ಉಡುಪಿಯ ರಥಬೀದಿ ತೇರಿಗಾಗಿ ಅಗಲವಾಗಿ ಉಳಿದಿರುವುದರಿಂದಲೇ ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ನಿಲ್ಲಲು, ಕೂರಲು, ಕಾಯಲು ಜಾಗವಿದೆ. ಅದರ ಮಧ್ಯೆ ಕಾರಂಜಿ ಕಟ್ಟುವ ಆಲೋಚನೆ ಯಾರಿಗೂ ಬರುವುದಿಲ್ಲ. ಅಂಚುಗಳಲ್ಲಿ ಕಾಫಿ, ಕಡಲೆಕಾಯಿ, ಹೂವು, ಪುಸ್ತಕ ಮಾರುವವರಿರಲಿ. ಗಾಲಿಕುರ್ಚಿಗೆ 12ಕ್ಕೆ 1ರಂತೆ ಮೀರದ ಇಳಿಜಾರು, ಕುಡಿಯುವ ನೀರು, ಹೆಂಗಸರು ನಂಬಿ ಬಳಸಬಹುದಾದ ಶೌಚಾಲಯ ಇರಬೇಕು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಲ್ಲು ಹಾಸುವುದಕ್ಕೆ ಮುಂಚೆ ನೀರು, ವಿದ್ಯುತ್, ಟೆಲಿಫೋನ್ ಕೇಬಲ್ಲುಗಳಿಗೆ ಪ್ರತ್ಯೇಕ ಕೊಳವೆ ಹುಗಿದು, ಮುಂದೆ ಬರುವವರಿಗಾಗಿ ಒಂದೆರಡು ಖಾಲಿ ಕೊಳವೆಗಳನ್ನೂ ಬಿಡಿ.

ಚೌಕಕ್ಕೂ ನೀರಿಗೂ ನಡುವೆ ವೇಗದ ರಸ್ತೆಯಿದ್ದರೆ ಎರಡೂ ಸೊರಗುತ್ತವೆ. ಪಾದಚಾರಿ ಮೇಲ್ಸೇತುವೆ ಇದಕ್ಕೆ ಪರಿಹಾರವಲ್ಲ, ಮೊಣಕಾಲು ನೋವಿನವರು ಅದನ್ನು ಹತ್ತುವುದಿಲ್ಲ. ರಸ್ತೆಯನ್ನೇ ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸಿ, ವಾಹನ ನಿಧಾನಿಸುವಂತೆ ಮಾಡಬೇಕು.

ಹಣ, ಹೊಣೆ, ಮೊದಲ ಮಳೆಗಾಲ

ಒಂದೇ ಕೆರೆಯಲ್ಲಿ ಜಮೀನು ಕಂದಾಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ಕೊಳಚೆ ಜಲಮಂಡಳಿಯದು, ದೀಪ ನಗರಸಭೆಯದು ಎಂದಾದಾಗ ತೂಬು ಕೆಟ್ಟರೆ ಯಾರೂ ಬರುವುದಿಲ್ಲ. ಹೆಸರು ಮತ್ತು ಫೋನ್ ಸಂಖ್ಯೆಯೊಂದಿಗೆ ಒಬ್ಬ ಅಧಿಕಾರಿಯನ್ನು ಹೊಣೆಗಾರರನ್ನಾಗಿ ನೇಮಿಸಿ, ಫಲಕದಲ್ಲಿ ಬರೆಸಬೇಕು. ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು ಪಾಲಿಕೆಯ ಜೊತೆ ನಿರ್ವಹಣೆಯಲ್ಲಿ ಕೈಜೋಡಿಸಿದರು. ಇಂತಹ ಗುಂಪುಗಳು ಅಂತರಗಂಗೆ ಹಬ್ಬಿದ್ದನ್ನೂ ಹೊಸದಾಗಿ ತಲೆಯೆತ್ತಿದ ಕೊಳವೆಯನ್ನೂ ಅಧಿಕಾರಿಗಿಂತ ಮೊದಲೇ ಕಾಣುತ್ತವೆ.

ಟೆಂಡರಿನಲ್ಲಿ ಕಾಮಗಾರಿಯ ಜೊತೆಗೆ ಐದು ವರ್ಷದ ನಿರ್ವಹಣೆಯನ್ನೂ ಸೇರಿಸಿ, ಕೂಲಿ, ವಿದ್ಯುತ್, ಜೊಂಡು ಕೊಯ್ಲು, ಶೌಚಾಲಯದ ಶುಚಿತ್ವಗಳಿಗೆ ಬೇರೆಬೇರೆ ಬಾಬತ್ತು ತೋರಿಸಬೇಕು. ಅಂದಾಜಿನ ಹತ್ತರಲ್ಲಿ ಒಂದು ಪಾಲನ್ನು ಖರ್ಚು ಮಾಡದೆ ಉದ್ಘಾಟನೆಯ ನಂತರದ ಮೊದಲ ವರ್ಷಕ್ಕೆ ಉಳಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಮೊದಲ ಮಳೆಗಾಲದಲ್ಲಿ ಜೋರು ಮಳೆ ಬಂದ ದಿನವೇ ಎಂಜಿನಿಯರು, ಗುತ್ತಿಗೆದಾರ, ಸಮಿತಿಯವರು ಒಟ್ಟಿಗೆ ಸ್ಥಳಕ್ಕೆ ಹೋಗಿ, ನೀರು ಎಲ್ಲಿ ನಿಂತಿದೆ, ಮಣ್ಣು ಎಲ್ಲಿ ಕೊಚ್ಚಿಹೋಗಿದೆ, ಕಾಲುವೆಯ ಬಾಯಿಯ ಜಾಲರಿಯಲ್ಲಿ ಎಷ್ಟು ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂಬುದನ್ನು ಗುರುತು ಮಾಡಿಕೊಂಡು, ಗುತ್ತಿಗೆಯ ದೋಷ ಹೊಣೆಗಾರಿಕೆಯ ಅವಧಿ (ಕೆಲಸದ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಿಕೊಡಬೇಕಾದ ಕಾಲ) ಮುಗಿಯುವುದರೊಳಗೆ ಸರಿಪಡಿಸಿಕೊಳ್ಳಬೇಕು. ಜನ ನಡಿಗೆಪಥ ಬಿಟ್ಟು ಹುಲ್ಲಿನ ಮೇಲೆ ಎಲ್ಲೆಲ್ಲಿ ಹಾಯುತ್ತಿದ್ದಾರೋ ಅಲ್ಲಿ ಬೇಲಿ ಹಾಕಲು ಹೋಗದೆ, ಉಳಿಸಿಟ್ಟ ಹಣದಲ್ಲಿ ಕಲ್ಲು ಹಾಸಿಸಿ. ಮಾರ್ಚ್ ಬಂದಾಗ ಮೊದಲಿನ ನಕ್ಷೆಯನ್ನು ಹಿಡಿದು ಕಾಲುವೆಗಳನ್ನು ಮತ್ತೊಮ್ಮೆ ನಡೆದು, ಮುಚ್ಚಿದ ಕೊಳವೆಗಳು ಮುಚ್ಚಿಯೇ ಇವೆಯೇ ಎಂದು ಪರಿಶೀಲಿಸಬೇಕು.